12 ವರ್ಷದ ಡೇಟಾ ವೇರ್‌ಹೌಸನ್ನು ಬಿಟ್ಟು ಹೊಸದು ಕಟ್ಟಬೇಕೇ?

ಎಸ್‌ಕ್ಯೂಎಲ್ ಸರ್ವರ್ 2012ರ ಮೇಲಿರುವ ವೇರ್‌ಹೌಸ್ (ಕಂಪನಿಯ ಲೆಕ್ಕಗಳನ್ನೆಲ್ಲ ಒಂದೆಡೆ ಸೇರಿಸಿಟ್ಟ ಡೇಟಾಬೇಸ್), ರಾತ್ರಿ ಅದಕ್ಕೆ ಡೇಟಾ ತುಂಬುವ ಲೋಡ್ ಬೆಳಗ್ಗೆ ಹತ್ತಾದರೂ ಮುಗಿಯಲ್ಲ, ನಾನೂರು ರಿಪೋರ್ಟ್‌ಗಳಿವೆ, ಮ್ಯಾನೇಜರ್ ಎಲ್ಲ ಬಿಟ್ಟು ಕ್ಲೌಡ್‌ಗೆ ಹೋಗೋಣ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಹಾಸನದವನು. ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದಮಾಡುವ ಕೆಲಸ) ಮಾಡುವ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಇಂಥದ್ದೇ ವೇರ್‌ಹೌಸ್ ನೋಡಿಕೊಳ್ಳುತ್ತಿದ್ದೇನೆ. ದಯವಿಟ್ಟು ಕಿತ್ತುಹಾಕಬೇಡಿ. ಯಾವ ರಿಪೋರ್ಟನ್ನು ಯಾರು ತೆರೆಯುತ್ತಾರೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ.

ನೀವು ಬಳಸುತ್ತಿರುವುದು ರಿಪೋರ್ಟಿಂಗ್ ಸರ್ವೀಸಸ್ (ಎಸ್‌ಕ್ಯೂಎಲ್ ಸರ್ವರ್‌ನದೇ ರಿಪೋರ್ಟ್ ತಂತ್ರಾಂಶ) ಆದರೆ ಎಕ್ಸಿಕ್ಯೂಷನ್ ಲಾಗ್‌ನಲ್ಲಿ ಇದೆಲ್ಲ ಸಿಗುತ್ತದೆ. ಆದರೆ ಸೆಟ್ಟಿಂಗ್ ಬದಲಾಯಿಸದಿದ್ದರೆ ಅದು 60 ದಿನದ ದಾಖಲೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. ನಾವು ಎಡವಿದ್ದು ಇಲ್ಲೇ. ಮೇ ತಿಂಗಳಲ್ಲಿ ಲಾಗ್ ನೋಡಿ, ಯಾರೂ ಮುಟ್ಟಿಲ್ಲ ಅಂತ ಒಂದಷ್ಟು ರಿಪೋರ್ಟ್ ತೆಗೆದೆವು. ಕಾಫಿಗೆ ವರ್ಷ ಅಂದರೆ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ವರ್ಷದ ಲೆಕ್ಕ ಮುಗಿಸಲು ಅಕ್ಟೋಬರ್‌ನಲ್ಲಿ ಔಟ್‌ಟರ್ನ್ (ಮೂಟೆಗೆ ಎಷ್ಟು ಬೀಜ ಬಂತು ಅನ್ನುವ) ರಿಪೋರ್ಟ್ ಕೇಳಿದರು, ಅದು ಇರಲೇ ಇಲ್ಲ. ನೀವು ಇವತ್ತೇ ಲಾಗ್ ಉಳಿಯುವ ಅವಧಿಯನ್ನು 400 ದಿನಕ್ಕೆ ಏರಿಸಿ.

ಇದಕ್ಕಿಂತ ದೊಡ್ಡ ಪಾಠ ಕಲಿತದ್ದು ಡೇಟ್ ಟೇಬಲ್‌ನಿಂದ (ಯಾವ ತಾರೀಖು ಯಾವ ವರ್ಷಕ್ಕೆ ಸೇರುತ್ತದೆ ಅಂತ ಹೇಳುವ ಟೇಬಲ್). ಹಳೇ ಟೇಬಲ್‌ನಲ್ಲಿ ವರ್ಷ ತೋರಿಸುವ ಎರಡು ಕಾಲಂ ಇದ್ದವು: ಏಪ್ರಿಲ್–ಮಾರ್ಚ್ ಒಂದು, ಬೆಳೆ ವರ್ಷ ಇನ್ನೊಂದು. ಹೊಸದಾಗಿ ಕಟ್ಟುವಾಗ ಎರಡನೆಯದು ಬೇಡದ ಕಸ ಅಂತ ಬಿಟ್ಟೆವು. ಇಲ್ಲಿ ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೂ ನಡೆಯುತ್ತದೆ. ಮಾರ್ಚ್‌ನಲ್ಲಿ ಬಂದ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಕ್ಯೂರಿಂಗ್ ಆಗಿ ಬೀಜವಾಗುವುದು ಏಪ್ರಿಲ್ ದಾಟಿದ ಮೇಲೆ. ಹಾಗಾಗಿ ಒಳಬಂದ ಮೂಟೆ ಒಂದು ವರ್ಷದ ಲೆಕ್ಕಕ್ಕೆ, ಹೊರಬಂದ ಬೀಜ ಮುಂದಿನ ವರ್ಷಕ್ಕೆ ಹೋಯಿತು. 50 ಕೆಜಿ ಮೂಟೆಗೆ ಎಷ್ಟು ಕೆಜಿ ಬೀಜ ಅನ್ನುವ ಲೆಕ್ಕವೇ ಔಟ್‌ಟರ್ನ್. ಆ ಅಂಕಿ ತಪ್ಪಿದರೆ ಬೆಳೆಗಾರನಿಗೆ ನಮ್ಮ ಮೇಲೆ ನಂಬಿಕೆ ಹೋಗುತ್ತದೆ. ಆಗಿನಿಂದ, ಅರ್ಥವಾಗದ ಒಂದು ಸಾಲನ್ನೂ ನಾನು ಹಳೇ ಪ್ರೊಸೀಜರ್‌ನಿಂದ (ಡೇಟಾಬೇಸ್‌ನಲ್ಲಿ ಬರೆದಿಟ್ಟ ಕೋಡ್) ಅಳಿಸಿಲ್ಲ. ಗೋಡೌನಿಗೆ ಹೋಗಿ ತೂಕ ಬರೆಯುವವರನ್ನು ಕೇಳಿಯೇ ಮುಟ್ಟುವುದು.

ಇನ್ನು ವೇಗ. ದಿನಾ ರಾತ್ರಿ ಎಲ್ಲ ವರ್ಷದ ಡೇಟಾ ಅಳಿಸಿ ಮತ್ತೆ ತುಂಬುತ್ತಿದ್ದೀರಾ ನೋಡಿ. ನಾವು ಹಾಗೇ ಮಾಡುತ್ತಿದ್ದೆವು. ಬದಲಾದ ಸಾಲುಗಳನ್ನಷ್ಟೇ ತನ್ನಿ, ಆದರೆ ಬಿಲ್ ತಾರೀಖು ನಂಬಬೇಡಿ, ಜನ ಹಿಂದಿನ ತಾರೀಖು ಹಾಕಿ ತಿದ್ದುತ್ತಾರೆ. ಸಾಲು ಬದಲಾದಾಗಲೆಲ್ಲ ತಾನಾಗೇ ಬದಲಾಗುವ ರೋವರ್ಷನ್ ಕಾಲಂ ಬಳಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಲೋಡ್ ಅರ್ಧಕ್ಕೆ ನಿಂತರೆ ಮತ್ತೆ ಓಡಿಸಿದಾಗ ಸಾಲು ಎರಡೆರಡಾಗಬಾರದು.

ಆವೃತ್ತಿ ಬದಲಾಯಿಸಲೇಬೇಕು, 2012ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2022ರ ಜುಲೈ 12ಕ್ಕೇ ಮುಗಿದಿದೆ. ಎಸ್‌ಕ್ಯೂಎಲ್ ಸರ್ವರ್ 2022ಕ್ಕೆ ಹೋದರೆ ಕಾಲಂಸ್ಟೋರ್ ಇಂಡೆಕ್ಸ್‌ನಿಂದ (ಡೇಟಾವನ್ನು ಸಾಲಿನ ಬದಲು ಕಾಲಂವಾರು ಇಡುವ ಇಂಡೆಕ್ಸ್) ದೊಡ್ಡ ಫ್ಯಾಕ್ಟ್ ಟೇಬಲ್‌ಗಳ (ವ್ಯವಹಾರದ ಅಂಕಿ ಇಡುವ ಟೇಬಲ್) ಕ್ವೆರಿಗಳೂ ಚುರುಕಾಗುತ್ತವೆ. 2012ರ ಆವೃತ್ತಿಯಲ್ಲಿ ಅದನ್ನು ಹಾಕಿದರೆ ಟೇಬಲ್‌ಗೆ ಬರೆಯಲೇ ಆಗುತ್ತಿರಲಿಲ್ಲ. ಕ್ಲೌಡ್ ಮಾತು ಇದಾದ ಮೇಲೆ.

ಹಳೆಯದು, ಹೊಸದು ಎರಡನ್ನೂ ಒಂದು ಪೂರ್ತಿ ವರ್ಷ ಜೊತೆಗೇ ಓಡಿಸಿ, ದಿನಾ ಮೊತ್ತ ತಾಳೆ ನೋಡಿ. ನಿಮ್ಮ ಲೋಡ್‌ನಲ್ಲಿ ಯಾವ ಹಂತ ಹೆಚ್ಚು ಹೊತ್ತು ತಿನ್ನುತ್ತಿದೆ ಅಂತ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.