ಭಯೋತ್ಪಾದನೆ ಓದುತ್ತಿರುವ ಮಗಳಿಗೆ ನಿದ್ದೆ ಬರುತ್ತಿಲ್ಲ

ನನ್ನ ಹತ್ತಿರ ಆಪ್ತಸಲಹೆಗೆ ಬರುವ ಹುಡುಗಿಯೊಬ್ಬಳ ಕಥೆ ಇದು. ಅವಳ ಒಪ್ಪಿಗೆ ಪಡೆದು, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ. ಇಂಥ ಓದಿಗೆ, ಇಂಥ ಕೆಲಸಕ್ಕೆ ಹೋದ ಮಕ್ಕಳು ನನ್ನ ಹತ್ತಿರ ಬರುವುದು ಜಾಸ್ತಿಯಾಗಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಭಯೋತ್ಪಾದನೆಯ ಅಧ್ಯಯನ ಕೇಂದ್ರ ಶುರುವಾದಾಗ ಇದು ಬೆರಳೆಣಿಕೆಯ ಜನರ ವಿಷಯವಾಗಿತ್ತು. ಈಗ ನಮ್ಮ ಜಿಲ್ಲಾ ಕೇಂದ್ರಗಳ ಮಕ್ಕಳೂ ಸಾಲ ಮಾಡಿ ಇದನ್ನು ಓದಲು ಹೋಗುತ್ತಾರೆ.

ಈ ಹುಡುಗಿ ಬ್ರಿಟನ್ನಿನಲ್ಲಿ ಒಂದು ವರ್ಷದ ಎಂ.ಎ. ಮಾಡುತ್ತಿದ್ದಳು. ಪಾಠ ಮುಗಿದಿತ್ತು, ಪ್ರಬಂಧ ಬಾಕಿ ಇತ್ತು. ಖರ್ಚು ಉಳಿಯಲಿ ಅಂತ ಮನೆಗೆ ಬಂದು ಬರೆಯುತ್ತಿದ್ದಳು. ವಿಷಯ, ಐಸಿಸ್‌ನ ಪ್ರಚಾರದ ವಿಡಿಯೋಗಳು. ಒಂದೊಂದನ್ನೂ ಮತ್ತೆ ಮತ್ತೆ ನೋಡಿ, ಯಾರು ಮಾತಾಡಿದರು, ಯಾವ ಬಾವುಟ, ಹಿಂದೆ ಯಾವ ಹಾಡು ಎಂದು ಎಕ್ಸೆಲ್‌ನಲ್ಲಿ ತುಂಬಬೇಕು. ನಿದ್ದೆ ಹೋಗಿತ್ತು. ಒಂದು ದಿನ ಊಟ ತಂದ ಡೆಲಿವರಿ ಹುಡುಗನ ಕಿತ್ತಳೆ ಟೀ-ಶರ್ಟ್ ಕಂಡದ್ದೇ ಬಾಗಿಲು ಹಾಕಿಕೊಂಡು ಕೂತುಬಿಟ್ಟಳಂತೆ. ಆ ವಿಡಿಯೋಗಳಲ್ಲಿ ಕೈದಿಗಳಿಗೆ ತೊಡಿಸುತ್ತಿದ್ದದ್ದು ಅದೇ ಬಣ್ಣ.

"ನಾನು ನೋಡಿದ್ದು ಬರೀ ಸ್ಕ್ರೀನ್ ಮೇಡಂ. ಸತ್ತಿದ್ದು ಅವರು. ನಂಗೇನಾಗಿದೆ ಅಂತ ಇಲ್ಲಿ ಬಂದು ಕೂರಲಿ?" ಎಂದೇ ಮೊದಮೊದಲು ಹೇಳುತ್ತಿದ್ದಳು.

ಒಮ್ಮೆ ಅಮ್ಮನೂ ಜೊತೆಗೆ ಒಳಗೆ ಬಂದರು. "ನಿದ್ದೆ ಇಲ್ಲ ಅಂತಾಳೆ. ಬೆಳಿಗ್ಗೆ ದೋಸೆ ಹುಯ್ಯುವಾಗ ಚೆನ್ನಾಗಿ ಹಾಡಿಕೊಳ್ತಾ ಇದ್ದಳಲ್ಲ! ಯಾವುದೇ ಅದು, ಹೊಸ ಹಾಡಾ?" ಎಂದರು. ಹುಡುಗಿಯ ಮುಖ ಬಿಳಿಚಿಕೊಂಡಿತು. ಅಮ್ಮನಿಗೆ ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ.

"ಅದು ಅವರ ಹಾಡು ಮೇಡಂ. ವಿಡಿಯೋದಲ್ಲಿ ಕತ್ತು ಕುಯ್ಯುವ ಮುಂಚೆ ಬರುತ್ತೆ. ನಂಗೆ ಗೊತ್ತಿಲ್ಲದೆ ಬಾಯಿಗೆ ಬಂದುಬಿಟ್ಟಿದೆ. ನಾನೂ ಅವರ ಥರ ಆಗ್ತಾ ಇದ್ದೀನಾ?"

ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಭಯ ಅದೇ. ಸುಮ್ನೆ "ಹಾಗೇನಿಲ್ಲ" ಎಂದಿದ್ದರೆ ನಂಬುತ್ತಿರಲಿಲ್ಲ. "ವಿಡಿಯೋದಲ್ಲಿ ಮಂಡಿಯೂರಿ ಕೂತವನನ್ನು ನೋಡುವಾಗ ನಿನಗೆ ಏನನ್ನಿಸುತ್ತೆ?" ಎಂದು ಕೇಳಿದೆ.

ಬಹಳ ಹೊತ್ತಿನ ಮೇಲೆ ಹೇಳಿದಳು: "ಅವನ ಅಮ್ಮ ಇದನ್ನ ನೋಡಿರ್ತಾರಾ ಅಂತ."

"ನೋಡಮ್ಮ, ಅವರ ಥರ ಆಗುತ್ತಿರುವವರಿಗೆ ಆ ಅಮ್ಮ ನೆನಪಾಗುವುದಿಲ್ಲ. ವಾದ್ಯವಿಲ್ಲದೆ, ಬರೀ ದನಿಯಲ್ಲಿ, ಒಂದೇ ಸಾಲು ಮತ್ತೆ ಮತ್ತೆ ಬರುವ ಹಾಡು ಅದು. ಯಾರು ಅಷ್ಟು ಸಲ ಕೇಳಿದರೂ ಬಾಯಿಗೆ ಬರುತ್ತದೆ. ನಿನ್ನ ಬಾಯಿಗೆ ಬಂದಿದೆ, ಮನಸ್ಸು ಒಪ್ಪಿಲ್ಲ" ಎಂದೆ. ಆಗ ಅತ್ತಳು. ಅತ್ತಿದ್ದು ಒಳ್ಳೆಯದಾಯಿತು.

ಇನ್ನೊಂದನ್ನೂ ಹೇಳಿದೆ. ಮನೋವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿ 2013ರಲ್ಲಿ ಬಂತು. ಟಿವಿ, ಮೊಬೈಲಿನಲ್ಲಿ ನೋಡಿದ್ದನ್ನು ಅದು ಸಾಮಾನ್ಯವಾಗಿ ಆಘಾತದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕೆಲಸದ ಭಾಗವಾಗಿ ನೋಡಿದ್ದನ್ನು ತೆಗೆದುಕೊಳ್ಳುತ್ತದೆ. "ಬರೀ ಸ್ಕ್ರೀನ್" ಎಂದು ತಳ್ಳಿಹಾಕುವ ಹಾಗಿಲ್ಲ.

ಓದು ಬಿಡಿಸಿ ಎಂದು ಅಪ್ಪ ಹೇಳಿದರು, ನನ್ನ ಜೊತೆ ಕೆಲಸ ಮಾಡುವವರೊಬ್ಬರೂ ಹೇಳಿದರು. ನಾನು ಒಪ್ಪಲಿಲ್ಲ. ಸಾಲದ ಮುಖ ನೋಡಿ ಅಲ್ಲ. 2008ರ ಸರಣಿ ಸ್ಫೋಟವನ್ನೂ 2024ರಲ್ಲಿ ಹೋಟೆಲಿನಲ್ಲಿ ಬಾಂಬನ್ನೂ ಕಂಡ ಊರು ಬೆಂಗಳೂರು. ಒಬ್ಬ ಹುಡುಗ ಇದಕ್ಕೆ ಹೇಗೆ ಸಿಕ್ಕಿಬೀಳುತ್ತಾನೆ ಎಂದು ತಿಳಿದವರು ನಮಗೆ ಬೇಕು. ಆ ಅಮ್ಮನನ್ನು ನೆನೆಯುವವಳು ಹೊರಗೆ ಹೋಗಿ, ಏನೂ ಅನ್ನಿಸದವರು ಮಾತ್ರ ಉಳಿದುಕೊಂಡರೆ ಯಾರಿಗೆ ಲಾಭ? "ಗಟ್ಟಿ ಮನಸ್ಸಿದ್ದವರು ಮಾತ್ರ ಬರಲಿ" ಎನ್ನುವ ಮಾತನ್ನು ತರಬೇತಿ ಕೊಡುವವರು ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಬದಲಿಸಬೇಕಿದ್ದದ್ದು ಓದುವ ರೀತಿ. ಗೈಡ್‌ಗೆ ಇಮೇಲ್ ಬರೆಸಿದೆ, ಫೋನಿನಲ್ಲಿ ಬೇಡ, ಬರವಣಿಗೆಯಲ್ಲೇ ಇರಲಿ ಎಂದೆ. ಹಿಂಸೆಯ ದೃಶ್ಯಗಳ ಬದಲು ಲಿಖಿತ ಪ್ರತಿ ಇಟ್ಟುಕೊಂಡು ಕೆಲಸ ಮಾಡಬಹುದೇ ಎಂದು ಕೇಳಿದಳು. ನೋಡಲೇಬೇಕಾದದ್ದನ್ನು ಸದ್ದು ತೆಗೆದು, ಬಣ್ಣ ತೆಗೆದು, ಚಿಕ್ಕ ಕಿಟಕಿಯಲ್ಲಿ, ಹಗಲು ಹೊತ್ತು ಮಾತ್ರ ನೋಡುವುದು. ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ.

ಮನೆಯ ಲ್ಯಾಪ್‌ಟಾಪಿನಲ್ಲಿ ಆ ಫೈಲುಗಳನ್ನು ಇಟ್ಟುಕೊಳ್ಳುವುದು ಬೇರೆ ಅಪಾಯ. 2008ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ ಪ್ರಬಂಧಕ್ಕೆಂದು ಅಲ್-ಖೈದಾ ಕೈಪಿಡಿ ಇಳಿಸಿಕೊಂಡ ಎಂ.ಎ. ವಿದ್ಯಾರ್ಥಿಯನ್ನು ಪೊಲೀಸರು ಹಿಡಿದು, ಸುಮಾರು ಒಂದು ವಾರ ಇಟ್ಟುಕೊಂಡು, ಯಾವ ಆರೋಪವೂ ಇಲ್ಲದೆ ಬಿಟ್ಟಿದ್ದರು. 2011ರಲ್ಲಿ 20,000 ಪೌಂಡ್ ಪರಿಹಾರ ಕೊಟ್ಟರು. ಅಲ್ಲಿಯ ವಿಶ್ವವಿದ್ಯಾಲಯ ಕೊಟ್ಟ ಅನುಮತಿ ಪತ್ರ ಇಲ್ಲಿಯ ಪೊಲೀಸರ ಮುಂದೆ ರಕ್ಷಣೆ ಅಲ್ಲ. ವಿಶ್ವವಿದ್ಯಾಲಯದ ಸರ್ವರ್‌ನಲ್ಲೇ ಇಡಲು ವ್ಯವಸ್ಥೆ ಕೇಳು ಎಂದೆ.

ಗೈಡ್ ಒಪ್ಪಿದರು, ಪ್ರಬಂಧ ಮುಗಿಯಿತು. ನಿದ್ದೆ ಪೂರ್ತಿ ಸರಿಹೋಗಿಲ್ಲ, ಇನ್ನೂ ಬರುತ್ತಾಳೆ. ಈಗ ಇಂಥ ವಿಡಿಯೋಗಳ ಮೇಲೆ ಕಣ್ಣಿಡುವ ಕಂಪನಿಯ ಕೆಲಸವೊಂದು ಎದುರಿಗಿದೆ. ದಿನಕ್ಕೆ ಎಷ್ಟು ಗಂಟೆ ದೃಶ್ಯ ನೋಡಬೇಕು, ಸರದಿ ಬದಲಾಗುತ್ತದೆಯೇ, ಆಪ್ತಸಲಹೆಯ ಖರ್ಚು ಯಾರದ್ದು, ಈ ಮೂರನ್ನು ಇಂಟರ್‌ವ್ಯೂನಲ್ಲೇ ಕೇಳು ಎಂದು ಹೇಳಿ ಕಳಿಸಿದ್ದೇನೆ. ಉತ್ತರ ಕೊಡಲು ತಡವರಿಸಿದರೆ ಸಂಬಳ ಎಷ್ಟಿದ್ದರೂ ಆ ಕೆಲಸ ಬೇಡ ಎಂದೂ ಹೇಳಿದ್ದೇನೆ.