ಅಮಾವಾಸ್ಯೆಯ ಬೆಳದಿಂಗಳು

ಪ್ರಿಯ ಗೆಳೆಯರೇ,

ನಮ್ಮ ಸಿನಿಮಾ ವಿಶೇಷಾಂಕಕ್ಕೆ ನೀವು ಕಳಿಸಿದ ಚಿತ್ರಕಥೆ ಓದಿದೆ. 1939ರ ದಾವಣಗೆರೆ, ಹತ್ತಿ ಮಂಡಿಯ ಸಾಹುಕಾರನ ಕೊಲೆ, ಸಿಕ್ಕಿಬಿದ್ದ ಹಮಾಲಿ, ಆಮೇಲೆ ಪೂರ್ತಿ ಕೋರ್ಟು. ಮಾತುಗಳು ಚುರುಕಾಗಿವೆ. ಹಮಾಲಿಯ ತಾಯಿ ಚೆನ್ನಾಗಿ ಬಂದಿದ್ದಾಳೆ. ಸರಿ, ಹೊಗಳಿದ್ದಾಯ್ತು.

ಸಣ್ಣಪುಟ್ಟವನ್ನು ಬಿಡುತ್ತೇನೆ. ಹಮಾಲಿಯ ಎಡಗೈಗೆ ಕಟ್ಟಿದ್ದ ಬಟ್ಟೆ ಕಟಕಟೆ ಹತ್ತುವಷ್ಟರಲ್ಲಿ ಬಲಗೈಗೆ ಹೋಗಿದೆ. ಶೂಟಿಂಗಿನಲ್ಲಿ ಯಾರಾದರೂ ಹಿಡಿಯುತ್ತಾರೆ ಬಿಡಿ. ಜಡ್ಜ್ ಸಾಹೇಬರು ಸುತ್ತಿಗೆ ಕುಟ್ಟುತ್ತಾರೆ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಇಲ್ಲ, ಸಿನಿಮಾ ಕೋರ್ಟಿನಲ್ಲಿ ಮಾತ್ರ ಇದೆ. ಗೋಡೆಯ ಮೇಲೆ ಸಿಂಹಗಳ ಲಾಂಛನ ಇಟ್ಟಿದ್ದೀರಿ. ಅದು ಬಂದಿದ್ದು 1950ರಲ್ಲಿ. ನಿಮ್ಮ ಕೋರ್ಟು ಮೈಸೂರು ಸಂಸ್ಥಾನದ್ದು, ಅಲ್ಲಿ ಗಂಡಭೇರುಂಡ ಇರಬೇಕು, ನಾಲ್ವಡಿಯವರ ಪಟ ಇರಬೇಕು. ಹೊರಗಿನ ಬೋರ್ಡು ‘ದಾವಣಗೆರೆ ಜಿಲ್ಲಾ ನ್ಯಾಯಾಲಯ’ ಅಂತೆ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ ಸ್ವಾಮಿ! ಇವನ್ನೆಲ್ಲ ಒಬ್ಬ ಪೇಂಟರ್ ಮಧ್ಯಾಹ್ನದೊಳಗೆ ಸರಿ ಮಾಡುತ್ತಾನೆ.

ನನ್ನ ನಿದ್ದೆ ಕೆಡಿಸಿದ್ದು ಬೇರೆ ಎರಡು.

ಪುಟ 12. ಮೂರು ದಿನದ ಕೂಲಿಗೆ ಒಂದು ರೂಪಾಯಿ ಅಂತ ಮಾತಾಗಿರುತ್ತದೆ. ಸಾಹುಕಾರ ಎಣಿಸಿ ಕೊಟ್ಟು, ‘ತಗೋ, ಎಪ್ಪತ್ತೈದು ಪೈಸೆ. ಇಷ್ಟೇ’ ಅನ್ನುತ್ತಾನೆ. ಹಮಾಲಿ ಹಲ್ಲು ಕಡಿಯುತ್ತಾನೆ. ಕೊಲೆಗೆ ಇದೇ ಕಾರಣ ಅಂತ ಸರ್ಕಾರಿ ವಕೀಲರ ವಾದ. ರೂಪಾಯಿಗೆ ನೂರು ಪೈಸೆ ಆಗಿದ್ದು 1957ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ನಾಲ್ಕು ಪೈಸೆಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಅಂದರೆ ಅರವತ್ತನಾಲ್ಕು ಪೈಸೆ. ಈಗ ಲೆಕ್ಕ ಹಾಕಿ. ನಿಮ್ಮ ಜಿಪುಣ ಸಾಹುಕಾರ ಎರಡಾಣೆ ಮೂರು ಪೈಸೆ ಜಾಸ್ತಿನೇ ಕೊಟ್ಟಿದ್ದಾನೆ! ಹಮಾಲಿ ಕೈ ಮುಗಿದು ಹೋಗಬೇಕಿತ್ತು. ‘ಹನ್ನೆರಡಾಣೆ’ ಅಂತ ಬರೆದಿದ್ದರೆ ಮುಗಿದಿತ್ತು, ಅಲ್ವಾ?

ಪುಟ 31. ಸಾಕ್ಷಿ ಹೇಳುತ್ತಾನೆ: ‘ಬೆಳದಿಂಗಳು ಹಾಲು ಚೆಲ್ಲಿದಂಗಿತ್ತು ಸ್ವಾಮಿ, ಮುಖ ಚೆನ್ನಾಗಿ ಕಾಣ್ತು.’ ಮಾತು ಸೊಗಸಾಗಿದೆ. ಆದರೆ ನಾಲ್ಕನೇ ಪುಟದಲ್ಲಿ, ಅದೇ ಸಂಜೆ, ಸಾಹುಕಾರನ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟಿದ್ದಾರೆ. ಮಹಾಲಯ ಅಮಾವಾಸ್ಯೆ ಅಂತ ನೀವೇ ಬರೆದಿದ್ದೀರಿ. ಅಮಾವಾಸ್ಯೆಗೆ ಎಲ್ಲಿಯ ಬೆಳದಿಂಗಳು? ಬರೆಯುವವರು ಮರೆಯುತ್ತಾರೆ, ಹೋಗಲಿ. ಹಮಾಲಿಯ ವಕೀಲರೂ ಸುಮ್ನೆ ಕೂತಿದ್ದಾರಲ್ಲ! ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಕನ್, ವಕೀಲರಾಗಿದ್ದಾಗ 1858ರಲ್ಲಿ ಇಂಥದೇ ಒಂದು ಕೊಲೆ ಕೇಸು ನಡೆಸಿದ್ದರು. ಬೆಳದಿಂಗಳಲ್ಲಿ ನೋಡಿದೆ ಅಂದ ಸಾಕ್ಷಿಯ ಮುಂದೆ ಅವರು ಪಂಚಾಂಗ ತೆರೆದಿಟ್ಟರು. ಆ ಹೊತ್ತಿಗೆ ಚಂದ್ರ ಮುಳುಗುವುದಕ್ಕೆ ಬಂದಿದ್ದ. ಆರೋಪಿ ಬಿಡುಗಡೆಯಾದ. ನಿಮ್ಮ ವಕೀಲರಿಗೆ ಒಂಟಿಕೊಪ್ಪಲ್ ಪಂಚಾಂಗ ಸಾಕಿತ್ತು. ನೀವು ಮುಚ್ಚಿಡಬೇಕಾದ ತಪ್ಪಲ್ಲ ಇದು. ನಿಮ್ಮ ಇಡೀ ಸಿನಿಮಾನೇ ಇಲ್ಲಿದೆ, ನಿಮಗೇ ಕಂಡಿಲ್ಲ.

ಒಂದು ಕಾಲಕ್ಕೆ ನನ್ನ ತಪ್ಪು ನನಗೂ ಕಂಡಿರಲಿಲ್ಲ. ಚಿತ್ರದುರ್ಗದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಇನ್ನೂ ಅಕ್ಷರದ ಅಚ್ಚಿನ ಮೊಳೆಗಳನ್ನು ಕೈಯಲ್ಲಿ ಜೋಡಿಸುವ ಕಾಲ. ಕದ್ದು ಒಂದು ಕಥೆ ಬರೆದು, ನಮ್ಮಲ್ಲೇ ಅಚ್ಚಾಗುತ್ತಿದ್ದ ವಾರಪತ್ರಿಕೆಗೆ ಸೇರಿಸಿಬಿಟ್ಟೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಕರೆದರು. ‘ತಮ್ಮಾ, ಯುಗಾದಿಗೆ ಈಕೆಗೆ ಮೂರು ತಿಂಗಳು ಅಂದೀಯ. ಹೆರಿಗೆ ಸಂಕ್ರಾಂತಿಗೆ.’ ಮಸಿ ಹತ್ತಿದ ಹೆಬ್ಬೆರಳನ್ನು ಬೆರಳ ಗಿಣ್ಣುಗಳ ಮೇಲೆ ಒಂದೊಂದಾಗಿ ಇಟ್ಟು ಎಣಿಸಿದರು. ಹನ್ನೆರಡು ಗಿಣ್ಣು ಮುಗಿದವು. ‘ಬಸುರಾಗಿರೋದು ಹೆಂಗಸೋ, ಆನೆಯೋ?’ ಪ್ರೆಸ್ಸೆಲ್ಲ ನಕ್ಕಿತು. ಈಗಲೂ ಯಾವ ಕಥೆ ಬಂದರೂ ನನ್ನ ಹೆಬ್ಬೆರಳು ತಾನಾಗಿ ಗಿಣ್ಣಿಗೆ ಹೋಗುತ್ತದೆ. ನಿಮ್ಮದು ಓದುವಾಗಲೂ ಹೋಯಿತು.

ತಿದ್ದಿ ಕಳಿಸಿ. ಅಮಾವಾಸ್ಯೆಯನ್ನು ಮಾತ್ರ ತೆಗೆಯಬೇಡಿ. ಹಾಗೆಯೇ ಪುಟ ಸಂಖ್ಯೆಯನ್ನೂ ಒಮ್ಮೆ ನೋಡಿ. 41ನೇ ಪುಟ ಎರಡು ಸಲ ಬಂದಿದೆ, ಎರಡರಲ್ಲೂ ಹಮಾಲಿಗೆ ಶಿಕ್ಷೆಯಾಗುತ್ತದೆ.

ಇಂತಿ,
ಸಂಪಾದಕ