ದಿವಾಳಿ ಅರ್ಜಿಯ ನಡುವೆ ಸಂಗಾತಿಗೆ ಕೆಲಸ ಸಿಕ್ಕರೆ

ಪ್ರಶ್ನೆ: ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದೇನೆ. ಆಸ್ಪತ್ರೆ ಬಿಲ್ಲು, ಕ್ರೆಡಿಟ್ ಕಾರ್ಡ್ ಸಾಲ ಮೈಮೇಲೆ ಬಂದು ಹೋದ ವರ್ಷ ನಾನೊಬ್ಬನೇ ಚಾಪ್ಟರ್ 13 ಅರ್ಜಿ (ಆದಾಯದಿಂದ ಕಂತಿನಲ್ಲಿ ಸಾಲ ತೀರಿಸುವ ದಿವಾಳಿ ಅರ್ಜಿ) ಹಾಕಿದೆ. ಸಾಲ ತೀರಿಸುವ ಪ್ಲಾನ್ ಕೋರ್ಟಿನಲ್ಲಿ ಮಂಜೂರಾಗಿ ಕಂತು ಕಟ್ಟುತ್ತಿದ್ದೇನೆ. ಈಗ ಎಚ್-4ರಲ್ಲಿದ್ದ (ಎಚ್-1ಬಿಯವರ ಸಂಗಾತಿಯ ವೀಸಾ) ಹೆಂಡತಿಗೆ ಇಎಡಿ (ಕೆಲಸ ಮಾಡುವ ಪರವಾನಗಿ) ಬಂದು, ತಿಂಗಳಿಗೆ 4,200 ಡಾಲರ್ ಸಂಬಳದ ಕೆಲಸ ಸಿಕ್ಕಿದೆ. ಅರ್ಜಿಯಲ್ಲಿ ಅವಳ ಹೆಸರೇ ಇಲ್ಲ. ಟ್ರಸ್ಟಿಗೆ (ಕಂತು ಪಡೆದು ಸಾಲ ಕೊಟ್ಟವರಿಗೆ ಹಂಚುವವರಿಗೆ) ತಿಳಿಸಲೇಬೇಕೆ? ಸಂಬಳವೆಲ್ಲ ಸಾಲಕ್ಕೇ ಹೋಗುತ್ತದೆಯೆ?

ಉತ್ತರ: ತಿಳಿಸಿ. ಸಂಬಳವೆಲ್ಲ ಹೋಗುವುದಿಲ್ಲ.

ಪ್ಲಾನ್ ನಡೆಯುವಷ್ಟು ಕಾಲ ಟ್ರಸ್ಟಿ ನಿಮ್ಮ ತೆರಿಗೆ ರಿಟರ್ನ್ ಮತ್ತು ಪ್ರತಿ ವರ್ಷದ ಆದಾಯ-ಖರ್ಚಿನ ಲೆಕ್ಕ ಕೇಳಬಹುದು. ಮನೆ ಖರ್ಚಿಗೆ ಯಾರು ಎಷ್ಟು ಕೊಟ್ಟರು ಎಂಬುದೂ ಆ ಲೆಕ್ಕದಲ್ಲಿ ಬರಬೇಕು. ಜಂಟಿ ರಿಟರ್ನ್ ಹಾಕಿದರಂತೂ ಹೆಂಡತಿಯ ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆ ಕಡಿತದ ಪತ್ರ) ಅಲ್ಲೇ ಕೂತಿರುತ್ತದೆ. ಎರಡು ವರ್ಷ ಸುಮ್ಮನಿದ್ದು ಸಿಕ್ಕಿಬಿದ್ದರೆ ‘ಗೊತ್ತಿರಲಿಲ್ಲ’ ಎನ್ನುವ ಮಾತು ನಡೆಯುವುದಿಲ್ಲ. ಮಂಜೂರಾತಿ ಆದೇಶವನ್ನು ತೆಗೆದು ಓದಿ. ಆದಾಯ ಹೆಚ್ಚಿದರೆ ಎಷ್ಟು ದಿನದೊಳಗೆ ತಿಳಿಸಬೇಕೆಂದು ಹಲವು ಕಡೆ ಅದರಲ್ಲೇ ಬರೆದಿರುತ್ತದೆ.

ತಿಳಿಸುವುದು ವಕೀಲರ ಮೂಲಕ, ದಿವಾಳಿ ಅರ್ಜಿಯ ಶೆಡ್ಯೂಲ್ ಐ (ಆದಾಯದ ಫಾರಂ) ಮತ್ತು ಜೆ (ಖರ್ಚಿನ ಫಾರಂ) ತಿದ್ದಿ. ಐಯಲ್ಲಿ ಅರ್ಜಿ ಹಾಕದ ಸಂಗಾತಿಗೂ ಒಂದು ಕಾಲಂ ಇದೆ. ಅಲ್ಲಿ ಮೊದಲು ಪೂರ್ತಿ ಸಂಬಳ, ಅದರ ಕೆಳಗೆ ಕಡಿತಗಳು. ಜೆಯಲ್ಲಿ ಖರ್ಚು. ಎಡವುವುದು ಹೆಚ್ಚಾಗಿ ಜೆಯಲ್ಲಿ: ಸಂಬಳ ಬಂತೆಂದು ಐ ತಿದ್ದಿ, ಆ ಕೆಲಸದಿಂದಲೇ ಹುಟ್ಟಿದ ಖರ್ಚನ್ನು ಬಿಟ್ಟುಬಿಡುತ್ತಾರೆ. 4,200ರಲ್ಲಿ ತೆರಿಗೆ, ವಿಮೆ ಕಳೆದು 3,250 ಕೈಗೆ ಬರುತ್ತದೆ ಎಂದುಕೊಳ್ಳಿ. ಮಗುವಿನ ಡೇ ಕೇರ್ 1,300, ಆಕೆಯ ಕಾರಿನ ಕಂತು, ವಿಮೆ, ಪೆಟ್ರೋಲು 600, ಆಕೆಯ ಹೆಸರಲ್ಲೇ ಇರುವ ಕಾರ್ಡಿಗೆ 250. ಉಳಿಯುವುದು 1,100. ಚೌಕಾಸಿ ನಡೆಯುವುದು ಈ 1,100ರ ಸುತ್ತ. ಪ್ರತಿಯೊಂದಕ್ಕೂ ರಸೀದಿ ಇರಲಿ. ಆಕೆಯ ಸಂಬಳ ಆಕೆಯದೇ ಖಾತೆಗೆ ಬಿದ್ದು, ಮನೆ ಖರ್ಚಿನ ಪಾಲು ಮಾತ್ರ ಜಂಟಿ ಖಾತೆಗೆ ಹೋಗುವಂತೆ ಮಾಡಿಕೊಂಡರೆ ಇದನ್ನು ತೋರಿಸುವುದು ಸುಲಭ.

ಇದನ್ನೆಲ್ಲ ನೋಡಿ ಟ್ರಸ್ಟಿ ಕಂತು ಹೆಚ್ಚಿಸಲು ಕೋರ್ಟಿಗೆ ಅರ್ಜಿ ಹಾಕಬಹುದು, ಹಾಕದೆಯೂ ಇರಬಹುದು. ಹೆಚ್ಚಿಸಿದರೂ ಮೊದಲ ಕಂತಿನ ಗಡುವಿನಿಂದ 5 ವರ್ಷ ಮೀರಿ ಪ್ಲಾನ್ ಎಳೆಯುವಂತಿಲ್ಲ. ನಿಮ್ಮ ಪ್ಲಾನ್ ಈಗಾಗಲೇ ಪೂರ್ತಿ ಸಾಲ ತೀರಿಸುವಂಥದ್ದಾದರೆ ಕಂತು ಹೆಚ್ಚಿದಷ್ಟೂ ಬೇಗ ಮುಗಿಯುತ್ತದೆ, ಅಷ್ಟೆ. ಒಂದು ಎಚ್ಚರಿಕೆ: ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್ ಸೇರಿ 9 ರಾಜ್ಯಗಳಲ್ಲಿ ಮದುವೆಯ ನಂತರದ ದುಡಿಮೆ ಸಾಮಾನ್ಯವಾಗಿ ಇಬ್ಬರದೂ ಹೌದು ಎನ್ನುತ್ತದೆ ಕಾನೂನು. ಅಲ್ಲಿ ‘ಅದು ಅವಳ ಹಣ’ ಎನ್ನುವ ವಾದಕ್ಕೆ ಬಲ ಕಡಿಮೆ.

ಯಾರೂ ಹೇಳದ ಇನ್ನೊಂದು ತೊಂದರೆ ತೆರಿಗೆ ರಿಟರ್ನ್ ಹಾಕುವ ಏಪ್ರಿಲ್‌ನಲ್ಲಿ ಬರುತ್ತದೆ. ಇಬ್ಬರೂ ದುಡಿಯತೊಡಗಿದಾಗ ಡಬ್ಲ್ಯೂ-4 (ಸಂಬಳದಲ್ಲಿ ಎಷ್ಟು ತೆರಿಗೆ ಕಡಿಯಬೇಕೆಂದು ಕಂಪನಿಗೆ ಹೇಳುವ ಫಾರಂ) ತಿದ್ದದಿದ್ದರೆ ತೆರಿಗೆ ಕಡಿಮೆ ಕಡಿತವಾಗಿ, ಕೊನೆಗೆ ಸಾವಿರಾರು ಡಾಲರ್ ಒಮ್ಮೆಲೇ ಕಟ್ಟಬೇಕಾಗುತ್ತದೆ. ಅದನ್ನು ಹೊಂದಿಸಲು ಹೋಗಿ ಪ್ಲಾನಿನ ಕಂತು ತಪ್ಪುತ್ತದೆ, ಕೇಸು ವಜಾ ಆಗುವ ಹಂತಕ್ಕೆ ಬರುತ್ತದೆ. ಹೊಸ ಕೆಲಸದ ಮೊದಲ ವಾರವೇ ಇಬ್ಬರೂ ಆ ಫಾರಂ ತಿದ್ದಿ.

ಪ್ರಶ್ನೆ: ನಾನಿನ್ನೂ ಅರ್ಜಿ ಹಾಕಿಲ್ಲ, ಚಾಪ್ಟರ್ 7 (ಕಂತಿನ ಪ್ಲಾನ್ ಇಲ್ಲದೆ ಸಾಲ ಮನ್ನಾ ಕೇಳುವ ದಿವಾಳಿ ಅರ್ಜಿ) ಹಾಕುವ ಯೋಚನೆ. ಏನೂ ಆದಾಯವಿಲ್ಲದಿದ್ದ ನಮ್ಮ ಯಜಮಾನರು ಆಗಸ್ಟ್ 1ಕ್ಕೆ 4,200 ಡಾಲರ್ ಕೆಲಸಕ್ಕೆ ಸೇರಿದ್ದಾರೆ. ಯಾವಾಗ ಹಾಕಿದರೆ ಒಳ್ಳೆಯದು?

ಉತ್ತರ: ಮೀನ್ಸ್ ಟೆಸ್ಟ್ (ಚಾಪ್ಟರ್ 7ಕ್ಕೆ ಆದಾಯ ಹೆಚ್ಚಾಯಿತೇ ಎಂಬ ಪರೀಕ್ಷೆ) ನೋಡುವುದು ಅರ್ಜಿ ಹಾಕಿದ ತಿಂಗಳಿಗೆ ಹಿಂದಿನ 6 ಪೂರ್ಣ ತಿಂಗಳ ಸರಾಸರಿಯನ್ನು. ಒಟ್ಟಿಗೆ ವಾಸವಿರುವ ಸಂಗಾತಿಯ ಆದಾಯವೂ ಅದರಲ್ಲಿ ಸೇರುತ್ತದೆ. ಅಕ್ಟೋಬರಿನಲ್ಲಿ ಹಾಕಿದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕೆ ಬರುತ್ತದೆ: ಎರಡು ತಿಂಗಳ 8,400 ಅನ್ನು 6ರಿಂದ ಭಾಗಿಸಿದರೆ 1,400, ಅಂದರೆ ವರ್ಷಕ್ಕೆ 16,800. ಫೆಬ್ರವರಿವರೆಗೆ ಕಾದರೆ ಆರೂ ತಿಂಗಳು ಸಂಬಳದವೇ, ವರ್ಷಕ್ಕೆ 50,400. ನಿಮ್ಮ ರಾಜ್ಯದಲ್ಲಿ ನಿಮ್ಮಷ್ಟೇ ದೊಡ್ಡ ಕುಟುಂಬದ ಮಧ್ಯಮ ಆದಾಯಕ್ಕಿಂತ (ಅರ್ಧ ಕುಟುಂಬಗಳು ಅದರ ಕೆಳಗೆ, ಅರ್ಧ ಮೇಲೆ ಇರುವ ಮಟ್ಟ) ಮೇಲೆ ಹೋಗುತ್ತೀರೋ ಇಲ್ಲವೋ ಎಂಬುದು ಈ ತಿಂಗಳುಗಳ ಮೇಲೆ ನಿಂತಿರುತ್ತದೆ. ಮನೆಗೆ ಖರ್ಚಾಗದ ಅವರ ಹಣವನ್ನು, ಉದಾಹರಣೆಗೆ ಅವರ ಸ್ವಂತ ಸಾಲದ ಕಂತನ್ನು, ಕಳೆಯಲೂ ಫಾರಂನಲ್ಲಿ ಅವಕಾಶವಿದೆ.

ಆದರೆ ತಾರೀಖು ಹೊಂದಿಸಿಕೊಂಡರೆ ಗೆದ್ದಂತಲ್ಲ. ಶೆಡ್ಯೂಲ್ ಐ ಈಗಿನ ಸಂಬಳವನ್ನೇ ಕೇಳುತ್ತದೆ, ಮುಂದಿನ ಒಂದು ವರ್ಷದಲ್ಲಿ ಏನು ಏರುಪೇರಾಗಬಹುದು ಎಂದೂ ಕೇಳುತ್ತದೆ. ಖರ್ಚು ಕಳೆದು ಕೈತುಂಬ ಉಳಿಯುತ್ತಿದ್ದರೆ ಟೆಸ್ಟ್ ಪಾಸಾದ ಅರ್ಜಿಗೂ ಆಕ್ಷೇಪ ಬರಬಹುದು.

ಪ್ರಶ್ನೆ: ಯಜಮಾನರ ದಿವಾಳಿ ಅರ್ಜಿಯಲ್ಲಿರುವ ಒಂದು ಕಾರ್ಡ್ ಸಾಲ ನಮ್ಮಿಬ್ಬರ ಹೆಸರಲ್ಲಿದೆ. ನನ್ನ ಹೊಸ ಸಂಬಳಕ್ಕೆ ಬ್ಯಾಂಕಿನವರು ಕೈ ಹಾಕಬಹುದೆ?

ಉತ್ತರ: ಅವರದು ಚಾಪ್ಟರ್ 13 ಆಗಿದ್ದರೆ, ಮನೆಬಳಕೆಯ ಇಂಥ ಸಾಲಕ್ಕೆ ಜೊತೆಗೆ ಸಹಿ ಹಾಕಿದವರಿಗೂ ಕೇಸು ನಡೆಯುವ ತನಕ ರಕ್ಷಣೆಯಿದೆ. ಆದರೆ ಆ ಸಾಲವನ್ನು ಪ್ಲಾನಿನಲ್ಲಿ ಪೂರ್ತಿ ತೀರಿಸುತ್ತಿಲ್ಲವಾದರೆ, ಉಳಿದ ಭಾಗವನ್ನು ನಿಮ್ಮಿಂದ ವಸೂಲು ಮಾಡಲು ಬ್ಯಾಂಕು ಕೋರ್ಟಿನ ಅನುಮತಿ ಕೇಳಬಹುದು. ಚಾಪ್ಟರ್ 7ರಲ್ಲಿ ಈ ರಕ್ಷಣೆಯೇ ಇಲ್ಲ. ಬ್ಯಾಂಕು ನಿಮ್ಮ ಮೇಲೆ ದಾವೆ ಹೂಡಿ ಗೆದ್ದರೆ, ಫೆಡರಲ್ ಕಾನೂನಿನ ಮಿತಿಯಲ್ಲಿ, ಕಡ್ಡಾಯ ಕಡಿತಗಳ ನಂತರದ ಸಂಬಳದ ಗರಿಷ್ಠ ಶೇ. 25ರವರೆಗೆ ಹಿಡಿಯಬಹುದು. ಕೆಲವು ರಾಜ್ಯಗಳಲ್ಲಿ ಅದಕ್ಕೂ ಕಡಿಮೆ. ಕಾರ್ಡಿನಲ್ಲಿ ನೀವು ಜಂಟಿ ಖಾತೆದಾರರೋ, ಬರೀ ಬಳಸಲು ಅನುಮತಿ ಪಡೆದವರೋ ಎಂಬುದನ್ನು ಮೊದಲು ಒಪ್ಪಂದದ ಕಾಗದದಲ್ಲಿ ನೋಡಿ. ಎರಡನೆಯದಾದರೆ ಸಾಮಾನ್ಯವಾಗಿ ಸಾಲ ನಿಮ್ಮ ತಲೆಗೆ ಬರುವುದಿಲ್ಲ.